ಒಂದು ಅಂಕಿಯ ಅರ್ಥ

ಸಂಕೋಚವಿರುವೆಡೆ ಭಾಷೆಯೂ ಬಡವಾಗುತ್ತದೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಗ್ರಂಥಿಯೊಂದು ಪ್ರತಿಯೊಬ್ಬ ಗಂಡಸಿಗೂ ಉಂಟು; ಆಡುಮಾತಿನಲ್ಲಿ ಅದಕ್ಕೊಂದು ಹೆಸರನ್ನು ನಾನು ಕೇಳಿಲ್ಲ. ‘ಪ್ರಾಸ್ಟೇಟ್’ ಎಂಬುದೇ ಗತಿ. ಗುಬ್ಬಿಯ ಸಂತೆಯಲ್ಲಿ, ಕುಣಿಗಲ್ಲಿನ ಕೆರೆಯೇರಿಯ ಮೇಲೆ ಮಳೆ ಬೆಳೆಗಳನ್ನೆಲ್ಲ ಹರಟುವ ಹಿರಿಯರು, ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆಂಬುದನ್ನು ಮಾತ್ರ ಮಗನಿಗೂ ಹೇಳರು.

ಹೀಗೆ ಏಳುವುದಕ್ಕೆ ವಯಸ್ಸಿನೊಡನೆ ಗ್ರಂಥಿ ಹಿಗ್ಗುವುದು ಒಂದು ಸಾಮಾನ್ಯ ಕಾರಣ. ವೈದ್ಯರಿಗೆ ತೋರಿಸಬೇಕಾದದ್ದು ನಿಜ, ಅಂಜಬೇಕಾದದ್ದಲ್ಲ. ಕ್ಯಾನ್ಸರಾದರೋ ಮೊದಮೊದಲು ಸುಳಿವನ್ನೇ ಕೊಡದಿರಬಹುದು. ಆದುದರಿಂದಲೇ ‘ಪಿ.ಎಸ್.ಎ.’ ಎಂಬ ರಕ್ತಪರೀಕ್ಷೆಗೆ ಮಹತ್ವ ಬಂದಿತು. ಗ್ರಂಥಿಯಲ್ಲಿ ಹುಟ್ಟುವ ಪ್ರೋಟೀನೊಂದು ರಕ್ತದಲ್ಲಿ ಎಷ್ಟಿದೆಯೆಂದು ಅದು ಅಳೆಯುತ್ತದೆ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಮೀರಿದರೆ ಹೆಚ್ಚೆಂದು ಎಣಿಸುವುದು ಬಹುಕಾಲದ ವಾಡಿಕೆ. ಆದರೆ ಗ್ರಂಥಿ ಹಿಗ್ಗಿದರೂ, ಸೋಂಕು ತಗಲಿದರೂ ಅಂಕಿ ಏರುತ್ತದೆ, ಕ್ಯಾನ್ಸರಿದ್ದೂ ಏರದಿರುವುದುಂಟು.

ಅಮೆರಿಕದಲ್ಲಿ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ದೊರೆತದ್ದು ರೋಗ ನಿಶ್ಚಿತವಾದವರ ಮೇಲೆ ಕಣ್ಣಿಡಲು. ರೋಗಪತ್ತೆಗೆ ನೆರವಾಗಲು ದೊರೆತದ್ದು 1994ರಲ್ಲಿ. ಯೂರೋಪಿನ ಎಂಟು ದೇಶಗಳಲ್ಲಿ 55ರಿಂದ 69ರ ವಯಸ್ಸಿನ ಸುಮಾರು 1,62,000 ಗಂಡಸರನ್ನು 23 ವರ್ಷ ಅನುಸರಿಸಿದ ಅಧ್ಯಯನದ ಫಲ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆಯಲ್ಪಟ್ಟ 456 ಮಂದಿಗೆ ಒಂದು ಸಾವು ತಪ್ಪಿತು; ಆ ಒಂದು ಸಾವನ್ನು ತಪ್ಪಿಸಲು ಹನ್ನೆರಡು ಮಂದಿ ಹೆಚ್ಚಾಗಿ ರೋಗಿಗಳೆನಿಸಿದರು. ಅಂಥವರಲ್ಲಿ ಕೆಲವರ ಗಂಟು ಎಂದೂ ಕಾಡದೆ ಉಳಿಯುತ್ತಿತ್ತೇನೋ. ಶಸ್ತ್ರಚಿಕಿತ್ಸೆಯಾದರೆ ಮೂತ್ರದ ಹಿಡಿತವೂ ದಾಂಪತ್ಯದ ಶಕ್ತಿಯೂ ಕುಂದಬಹುದು. ಉಳಿದ ಒಂದು ಪ್ರಾಣವೂ ಅಲ್ಪವಲ್ಲ. ತೆತ್ತ ಬೆಲೆಯೂ ಅಲ್ಪವಲ್ಲ.

ನಮ್ಮ ಸರಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ ಸಂಬಂಧಿಸಿದ್ದು, ಪ್ರಾಸ್ಟೇಟ್ ಅದರಲ್ಲಿಲ್ಲ. ತುಮಕೂರಿನಂಥ ಊರಿನಲ್ಲಿ ಈ ಪರೀಕ್ಷೆ ‘ಪೂರ್ಣ ದೇಹ ತಪಾಸಣೆ’ಯ ಪಟ್ಟಿಯೊಳಗೆ ಸೇರಿ ಬರುವುದುಂಟು. ಕೇಳದೆ ಬಂದ ಅಂಕಿ ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಒಮ್ಮೆ ಹೆಚ್ಚು ಬಂದೊಡನೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಬೇಕಾಗಿಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಬೇಕೆನಿಸಿದರೆ ಎಂ.ಆರ್.ಐ., ಆಮೇಲೆ ಬಯಾಪ್ಸಿ, ಇದು ಕ್ರಮ. ಮೆಲ್ಲನೆ ಬೆಳೆಯುವ ಗಂಟಾದರೆ ಕತ್ತರಿಸದೆ ಕಾದು ನೋಡುವುದೂ ಚಿಕಿತ್ಸೆಯೇ.

ಐವತ್ತರ ಸಮೀಪದಲ್ಲಿರುವ ನನಗೂ ಇದು ದೂರದ ಮಾತಲ್ಲ. ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ವೈದ್ಯರೊಡನೆ ಕುಳಿತು ಮಾತನಾಡುವುದು ವಿವೇಕವೆಂದು ನನ್ನ ಮತ. ತಂದೆಗೋ ಅಣ್ಣನಿಗೋ ಈ ರೋಗ ಬಂದಿತ್ತೆ? ಅಂಕಿ ಏರಿದರೆ ಮುಂದೇನು ಮಾಡಲು ಸಿದ್ಧ? ಇವನ್ನು ಕೇಳಿದ ಮೇಲೆ ಪರೀಕ್ಷೆ ಬೇಕೆಂದರೂ ಸರಿ, ಬೇಡವೆಂದರೂ ಸರಿ. ತಂದೆಗೆ ಬಂದಿತ್ತೆ ಎಂಬುದು ಮಗನಿಗೆ ತಿಳಿಯಬೇಕಾದರೆ ಮಾತ್ರ ತಂದೆ ಬಾಯಿಬಿಡಬೇಕು.