ಹೆತ್ತವರ ಮೇಲ್ಮನವಿ

ಹೆತ್ತ ಮಗುವಿನ ಮೇಲೆ ತಾಯಿತಂದೆಗಳಿಗಿರತಕ್ಕ ಅಧಿಕಾರವು ಒಂದು ಸಮಿತಿಯ ಆಜ್ಞೆಯಿಂದ ಲುಪ್ತವಾಗಬಹುದೆಂಬುದು ನಮ್ಮ ಗ್ರಾಮೀಣ ಜನರಲ್ಲಿ ಬಹುಮಂದಿ ಅರಿಯದ ಸಂಗತಿ. ಬಡತನ, ವೈಧವ್ಯ, ಲೋಕಾಪವಾದದ ಭಯ ಇವುಗಳಿಗೆ ಸಿಕ್ಕಿ ಕೂಸನ್ನು ಕೈಬಿಟ್ಟು, ಬಳಿಕ ಹಗಲಿರುಳೂ ಅದಕ್ಕಾಗಿ ಹಂಬಲಿಸುವ ತಾಯಿಗೆ ಆ ಅಧಿಕಾರವನ್ನು ಮರಳಿ ಬೇಡುವ ದಾರಿಯೊಂದು ಇದೆಯೆಂಬುದೂ, ಆ ದಾರಿ ಬಹುಕಾಲ ತೆರೆದಿರುವುದಿಲ್ಲವೆಂಬುದೂ ಅಷ್ಟೇ ಅಜ್ಞಾತವಾಗಿ ಉಳಿದಿರುವುದು ಶೋಚನೀಯ.

2015ರ ಬಾಲನ್ಯಾಯ ಕಾಯಿದೆಯಂತೆ, ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲಾರದವರು ಮಕ್ಕಳ ಕಲ್ಯಾಣ ಸಮಿತಿಯ ಸಮ್ಮುಖದಲ್ಲಿ ಪತ್ರ ಬರೆದುಕೊಟ್ಟು ಅದನ್ನು ಒಪ್ಪಿಸಬಹುದು. ಒಪ್ಪಿಸಿದವರಿಗೆ ಮರುಚಿಂತನೆಗಾಗಿ ಎರಡು ತಿಂಗಳ ಅವಕಾಶವುಂಟು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಹೆತ್ತವರನ್ನು ಆತುರಪಡಿಸಿ ಒಪ್ಪಿಗೆ ಪಡೆಯಲಾಗದೆಂದೂ ಪುನರ್ವಿಚಾರಕ್ಕೆ ಸುಮಾರು ಮೂರು ತಿಂಗಳು ಕೊಡಬೇಕೆಂದೂ ವಿಧಿಸಿದ್ದರು. ಹೆರಿಗೆಯ ಆಯಾಸವೂ ಅವಮಾನದ ತಾಪವೂ ಆರುವ ಮುನ್ನ ಹಾಕಿದ ರುಜುವಿಗೆ ಪೂರ್ಣಸಮ್ಮತಿಯ ಬೆಲೆ ಸಲ್ಲದಷ್ಟೆ. ಇಂದಿನ ಕಾಯಿದೆಯ ಅವಧಿ ಅದಕ್ಕಿಂತ ಕಿರಿದಾದುದು ನನಗೆ ಸರಿಯೆನಿಸುವುದಿಲ್ಲ. ಇನ್ನು, ಯಾರೋ ಬಿಟ್ಟುಹೋದ ಮಗುವಾದರೆ, ಹೆತ್ತವರ ಶೋಧ ನಡೆಸಿದ ಮೇಲೆ, ಎರಡು ವರ್ಷದೊಳಗಿನ ಕೂಸನ್ನು ಎರಡು ತಿಂಗಳಲ್ಲಿಯೂ ಹಿರಿಯದನ್ನು ನಾಲ್ಕು ತಿಂಗಳಲ್ಲಿಯೂ ದತ್ತಕಕ್ಕೆ ಮುಕ್ತವೆಂದು ಸಮಿತಿಯ ಕನಿಷ್ಠ ಮೂವರು ಸದಸ್ಯರು ಕೂಡಿ ಸಾರಬಹುದು.

ದತ್ತಕಕ್ಕೆ ಮುಕ್ತವೆಂದು ಸಾರುವ ಈ ಆಜ್ಞೆಯಿಂದ ನೊಂದವರು ಅದರ ತಾರೀಖಿನಿಂದ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸತಕ್ಕದ್ದು. ವಿಳಂಬಕ್ಕೆ ಸಮರ್ಪಕ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ಆದರೆ ಅಲ್ಲಿ ಸೋತವರಿಗೆ ಎರಡನೆಯ ಮೇಲ್ಮನವಿಯಿಲ್ಲ, ಉಚ್ಚ ನ್ಯಾಯಾಲಯದ ಪುನರೀಕ್ಷಣೆಯೊಂದೇ ಗತಿ. ದತ್ತಕದ ಆಜ್ಞೆಯೇ ಹೊರಟುಬಿಟ್ಟರಂತೂ ಜನ್ಮಸಂಬಂಧ ಕಾನೂನಿನ ದೃಷ್ಟಿಯಲ್ಲಿ ಕಡಿದುಹೋಗುತ್ತದೆ. 2022ರ ಸೆಪ್ಟೆಂಬರಿನಿಂದ ಆ ಆಜ್ಞೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಹೊರಡಿಸುತ್ತಾರಾದುದರಿಂದ, ಅದರ ವಿರುದ್ಧದ ದೂರನ್ನು 30 ದಿನಗಳಲ್ಲಿ ವಿಭಾಗೀಯ ಆಯುಕ್ತರಿಗೆ ಒಯ್ಯಬೇಕು.

ಲಾತೂರು ಜಿಲ್ಲೆಯ ವಲಾಂಡಿಯಂತಹ ಗಡಿಯೂರಿನಲ್ಲಿ ಭಾಷೆಯ ತೊಡಕಿನಿಂದ ಈ ದಿನಗಳು ಮತ್ತಷ್ಟು ಕಿರಿದಾಗುತ್ತವೆ. ಈ ಭಾಗದ ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ, ಒಲೆಯ ಮುಂದೆ ಕನ್ನಡ, ಕಚೇರಿಯ ಮುಂದೆ ಮರಾಠಿ ಎಂಬುದು ಇಲ್ಲಿಯ ಅನೇಕ ಮನೆಗಳ ಸ್ಥಿತಿ. ಪರರಾಜ್ಯದಿಂದ ಬಂದ ಮಗುವಾದರೆ ಅದರ ಮೂಲಸ್ಥಳದಲ್ಲಿ, ಅಲ್ಲಿಯ ಭಾಷೆಯಲ್ಲಿ, ಹೆತ್ತವರ ಶೋಧಕ್ಕಾಗಿ ಪ್ರಕಟಣೆ ಹೊರಡಿಸಬೇಕೆಂದು ದತ್ತಕದ ನಿಯಮಾವಳಿ ಸಾರುತ್ತದೆ. ಒಂದೇ ರಾಜ್ಯದೊಳಗಿದ್ದು ಬೇರೆ ನುಡಿಯಾಡುವ, ಪತ್ರಿಕೆ ಓದಲು ಬಾರದ ತಾಯಿಗೂ ಅದೇ ಕಾಳಜಿ ಸಲ್ಲಬೇಡವೆ? ಆಜ್ಞೆಯ ತಾತ್ಪರ್ಯವನ್ನು ಅವಳ ಮಾತಿನಲ್ಲೇ ಅವಳಿಗೆ ತಿಳಿಯಹೇಳುವುದು ಸಮಿತಿಯ ಕರ್ತವ್ಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಹೊತ್ತು ಮೀರುವ ಮೊದಲೇ ಎದ್ದುನಿಂತ ತಾಯಿಗೆ ಫಲ ದೊರೆತುದುಂಟು. ತನ್ನ ಸಮ್ಮತಿಯಿಲ್ಲದೆ ಮಗುವನ್ನು ದತ್ತಕಕ್ಕೆ ಕೊಡಲಾಯಿತೆಂದು ಹೋರಾಡಿದ ಕೇರಳದ ತಾಯಿಯೊಬ್ಬಳಿಗೆ, ದತ್ತಕವಿನ್ನೂ ಅಂತಿಮವಾಗಿರದ ಹಂತದಲ್ಲಿ, ತಿರುವನಂತಪುರದ ಕುಟುಂಬ ನ್ಯಾಯಾಲಯವು 2021ರ ನವೆಂಬರಿನಲ್ಲಿ ಮಗುವನ್ನು ಮರಳಿ ಕೊಡಿಸಿತು.

ಇಂತಹ ಸಂಕಟದಲ್ಲಿರುವವರನ್ನು ಬಲ್ಲ ಓದುಗರು ಅವರಿಗೆ ಇಷ್ಟನ್ನಾದರೂ ತಿಳಿಸಬೇಕು: ಒಪ್ಪಿಸಿದ ಕಾರಣಕ್ಕೆ ಹೆತ್ತವರ ಮೇಲೆ ಪೊಲೀಸರು ಮೊಕದ್ದಮೆ ಹೂಡುವಂತಿಲ್ಲ; ಆಜ್ಞೆಯ ಪ್ರತಿಯನ್ನು ಕೂಡಲೇ ಕೇಳಿ ಪಡೆಯಬೇಕು; 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ, ಅದಕ್ಕೆ ಕರೆಮಾಡಬೇಕಾದ ಸಂಖ್ಯೆ 15100.