ಹಿತ್ತಲಿನ ಸೌತೆಬಳ್ಳಿ

ಹಿತ್ತಲಿನ ಹಂದರಕ್ಕೆ ಹಬ್ಬಿದ ನಾಟಿ ಸೌತೆಯ ಬಳ್ಳಿಯಲ್ಲಿ ಸಾಮಾನ್ಯವಾಗಿ ಮೊದಲು ಅರಳುವುವು ಗಂಡುಹೂಗಳು. ಅವು ಕಾಯಿ ಕಟ್ಟದೆ ಉದುರುವುದನ್ನು ಕಂಡು, ಬಳ್ಳಿ ಫಲ ಕೊಡದೆಂದು ಕಿತ್ತೆಸೆಯುವವರೂ ಉಂಟು. ಅದು ಆತುರದ ಕೆಲಸ. ಕೆಲವು ದಿನಗಳ ಅನಂತರ, ಬುಡದಲ್ಲಿ ಪುಟ್ಟ ಮಿಡಿಯನ್ನು ಹೊತ್ತ ಹೆಣ್ಣುಹೂಗಳು ಕಾಣಿಸಿಕೊಳ್ಳುತ್ತವೆ. ಜೇನುನೊಣಗಳು ಗಂಡುಹೂವಿನ ಪರಾಗವನ್ನು ಅವಕ್ಕೆ ಮುಟ್ಟಿಸಿದರೆ ಎಂಟು ಹತ್ತು ದಿನಗಳಲ್ಲಿ ಎಳೆಗಾಯಿ ಕೊಯ್ಲಿಗೆ ಬರುತ್ತದೆ. ಕಾಯಿಯ ತೂಕದಲ್ಲಿ ಶೇಕಡಾ 95ರಷ್ಟು ನೀರೇ ಇರುವುದರಿಂದ ಈ ಅವಧಿಯಲ್ಲಿ ಮಣ್ಣು ಒಣಗಬಾರದು. ಒಣಗಿದರೆ ಕಾಯಿ ಕಹಿಯಾಗುವುದುಂಟು. ಇನ್ನಷ್ಟು ದಪ್ಪವಾಗಲೆಂದು ಬಿಟ್ಟ ಕಾಯಿ ಹಳದಿಗೆ ತಿರುಗಿ, ಬೀಜ ಬಲಿಯುತ್ತದೆ. ಬಳ್ಳಿಯ ಸತ್ತ್ವವು ಆ ಬೀಜಗಳತ್ತ ಹರಿದು ಹೊಸ ಕಾಯಿಗಳು ಕಡಿಮೆಯಾಗುತ್ತವೆ. ಆದುದರಿಂದ ಎರಡು ದಿನಕ್ಕೊಮ್ಮೆ ಎಲೆಗಳ ಮರೆಯನ್ನು ಹುಡುಕಿ, ಎಳೆಯ ಕಾಯಿಗಳನ್ನು ತೊಟ್ಟಿನ ಬಳಿ ಚಾಕುವಿನಿಂದ ಕತ್ತರಿಸಿ ತೆಗೆಯಬೇಕು; ಕೈಯಿಂದ ಜಗ್ಗಿದರೆ ಬಳ್ಳಿಯೇ ಹರಿದೀತು.