ಒಂದು ಲೀಟರ್ ಡೀಸೆಲ್, ಐದು ಟ್ಯಾಂಕರ್ ಕಪಿಲೆ

ತಾಂಡವಪುರದ ಕಾರ್ಖಾನೆ ಬೀದಿಯಲ್ಲಿ ಸರಕು ತುಂಬಿದ ಲಾರಿಯೊಂದು ಇಂಜಿನ್ ಆರಿಸದೆ ನಿಂತಿದೆ ಅಂತಿಟ್ಟುಕೊಳ್ಳಿ. ಡ್ರೈವರ್ ಚಹಾ ಅಂಗಡಿಯಲ್ಲಿದ್ದಾನೆ. ಅವನು ಬರುವಷ್ಟರಲ್ಲಿ ಒಂದು ಲೀಟರ್ ಡೀಸೆಲ್ ಉರಿದರೆ ಹೋದದ್ದೆಷ್ಟು? ರೂಪಾಯಿ ಲೆಕ್ಕ ಬಿಡಿ, ನೀರಿನ ಲೆಕ್ಕ ಹಾಕೋಣ.

ನಂಜನಗೂಡು ದಾಟಿದ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಶಿವನಸಮುದ್ರದಲ್ಲಿ ಸುಮಾರು 120 ಮೀಟರ್ ಕೆಳಗಿಳಿಯುತ್ತಾಳೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು ಈ ಇಳಿತವೇ. ಒಂದು ಲೀಟರ್ ನೀರು ಅಷ್ಟು ಇಳಿದರೆ ದಕ್ಕುವುದು 1.2 ಕಿಲೋಜೂಲ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಅಡಗಿರುವುದು ಸುಮಾರು 36,000 ಕಿಲೋಜೂಲ್. ಎಂದರೆ 30,000 ಲೀಟರ್ ನೀರಿನ ಇಳಿತ: ಆರು ಸಾವಿರ ಲೀಟರಿನ ಐದು ಟ್ಯಾಂಕರ್ ತುಂಬ ಕಪಿಲೆ!

ನೀರಿನ ಟರ್ಬೈನು ಈ ಶಕ್ತಿಯಲ್ಲಿ ನೂರಕ್ಕೆ 85–90 ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ಲಾರಿಯ ಇಂಜಿನ್ ಚೆನ್ನಾಗಿ ಓಡುವಾಗಲೂ 40ರ ಆಸುಪಾಸು. ಐದು ಟ್ಯಾಂಕರಿನಲ್ಲಿ ಎರಡು ಚಕ್ರದ ಕಡೆಗೆ, ಮೂರು ರೇಡಿಯೇಟರು, ಹೊಗೆಕೊಳವೆಗಳ ಪಾಲು.

ಇದು ಮೆಕ್ಯಾನಿಕ್‌ನ ತಪ್ಪಲ್ಲ. ಶಾಖವನ್ನು ಪೂರ್ತಿ ಕೆಲಸಕ್ಕೆ ಹಚ್ಚಲಾಗದು, ಒಂದಷ್ಟನ್ನು ತಣ್ಣಗಿರುವ ಕಡೆಗೆ ಬಿಟ್ಟುಕೊಡಲೇಬೇಕು ಎಂದು ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲೇ ತೋರಿಸಿದ. ಆಗ ಅವನಿಗೆ 28 ವರ್ಷ. ಸೋಜಿಗವೆಂದರೆ, ಅವನೂ ಶಾಖವನ್ನು ಮೇಲಿಂದ ಬೀಳುವ ನೀರಿಗೇ ಹೋಲಿಸಿದ್ದ. 540 ಡಿಗ್ರಿಯ ಉಗಿ, ಹೊರಗೆ 30 ಡಿಗ್ರಿ ಇದ್ದರೆ ಯಾವ ಜಾಣನೂ ನೂರಕ್ಕೆ 63 ಮೀರಲಾರ. ಕಲ್ಲಿದ್ದಲ ಸ್ಥಾವರಗಳಿಗೆ ನಿಜವಾಗಿ ದಕ್ಕುವುದು 35ರ ಸುತ್ತಮುತ್ತ.

ಇಷ್ಟಕ್ಕೇ ಮೂಗು ಮುರಿಯಬೇಡಿ. ನಂಜನಗೂಡಿಗೆ ಹಿಂದೆ ಓಡುತ್ತಿದ್ದಂಥ ಉಗಿಬಂಡಿಗಳು ನೂರು ಕಿಲೋ ಕಲ್ಲಿದ್ದಲು ನುಂಗಿ ಆರೇಳು ಕಿಲೋದಷ್ಟು ಕೆಲಸ ಮಾಡುತ್ತಿದ್ದವು. ಅದಕ್ಕೂ ಹಿಂದಿನ, 1712ರ ನ್ಯೂಕೊಮೆನ್ ಉಗಿಯಂತ್ರ ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. 1897ರಲ್ಲಿ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನಿನಿಂದ 26 ತೆಗೆದಾಗ ಅದೇ ದೊಡ್ಡ ಸುದ್ದಿ.

ನಿಂತ ಲಾರಿಯದು? ಸೊನ್ನೆ. ಸರಕು ಒಂದಡಿಯೂ ಸರಿಯಲಿಲ್ಲ. ಐದೂ ಟ್ಯಾಂಕರ್ ರಸ್ತೆಗೆ ಚೆಲ್ಲಿದ ಹಾಗೆ. ಹಾಗೆ ನೋಡಿದರೆ ನೀರು ಕಾಯಿಸುವುದಕ್ಕೆ ಕಾರ್ನೊನ ತಕರಾರಿಲ್ಲ. ಆ ಒಂದು ಲೀಟರಿನ ಶಾಖವೆಲ್ಲ ಪಾತ್ರೆಗೆ ಇಳಿದಿದ್ದರೆ ನೂರು ಲೀಟರಿಗೂ ಹೆಚ್ಚು ನೀರು ಕುದಿಯುತ್ತಿತ್ತು, ಸಾವಿರ ಲೋಟ ಚಹಾಕ್ಕೆ ಸಾಕು. ಡ್ರೈವರ್ ಕುಡಿದದ್ದು ಕ್ಲೀನರ್ ಜೊತೆ ಒಂದು ಬೈಟು.